ಶೈತ್ಯಾಗಾರದ ಪುಕ್ಕಲಿ

ಪುಕ್ಕಲಿ ಎಂದು ಹೆಸರಿಟ್ಟವನು ಅವಳ ಅಪ್ಪನೇ. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದು ಶಾಲೆಯಲ್ಲೇ ಉಳಿಯಿತು. ಮನೆಯಲ್ಲಿ, ಕೆಲಸದಲ್ಲಿ, ಲಾರಿಯವರ ಬಾಯಲ್ಲಿ, ಹಮಾಲಿ ಹೆಂಗಸರ ಬಾಯಲ್ಲಿ ಅವಳು ಪುಕ್ಕಲಿಯೇ. ಮೊದಮೊದಲು ಅದಕ್ಕೆ ಅಳುತ್ತಿದ್ದಳು. ಆಮೇಲೆ ಅದೇ ಹೆಸರಿಗೆ ‘ಹೂಂ’ ಅನ್ನುವುದು ರೂಢಿಯಾಯಿತು.

ಅಪ್ಪ ಶೈತ್ಯಾಗಾರದಲ್ಲಿ ಯಂತ್ರ ನೋಡಿಕೊಳ್ಳುವವನು. ಊರಾಚೆ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ ಅದು. ಒಳಗೆ ಐದು ಕೋಣೆಗಳು. ಒಂದೊಂದರಲ್ಲೂ ಸೂರು ಮುಟ್ಟುವಷ್ಟು ಆಲೂಗಡ್ಡೆ ಚೀಲ, ಸೇಬಿನ ಪೆಟ್ಟಿಗೆ. ಹೊರಗೆ ಬಿಸಿಲು ತಲೆ ಸೀಳುತ್ತಿದ್ದರೂ ಒಳಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಆ ಚಳಿಯನ್ನು ಮಾಡುವ ಯಂತ್ರದ ಮನೆ ಕಟ್ಟಡದ ಒಂದು ತುದಿಯಲ್ಲಿ. ಅದರ ಗೋಡೆಗೇ ಅಂಟಿಕೊಂಡು ಇವರ ಎರಡು ಕೋಣೆಯ ವಸತಿ.

ಹಾಗಾಗಿ ಅವಳು ಹುಟ್ಟಿದಾಗಿನಿಂದ ಆ ಗೋಡೆಯ ಜೊತೆಗೇ ಬೆಳೆದಳು. ಗೋಡೆ ಸದಾ ಸಣ್ಣಗೆ ನಡುಗುತ್ತಿತ್ತು. ಅಟ್ಟಣಿಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಹಲ್ಲು ಕಡಿಯುತ್ತಿದ್ದವು. ಅಮ್ಮ ಅವುಗಳ ನಡುವೆ ಬಟ್ಟೆ ಚೂರು ತುರುಕುತ್ತಿದ್ದಳು. ಆಗ ತಟ್ಟೆಗಳು ಶುರುಮಾಡುತ್ತಿದ್ದವು. ಗೋಡೆಗೆ ಕಿವಿ ಇಟ್ಟರೆ ಯಾವುದೋ ದೊಡ್ಡ ಪ್ರಾಣಿ ಉಸಿರೆಳೆದು ಬಿಟ್ಟ ಹಾಗೆ ಕೇಳುತ್ತಿತ್ತು. ಅಂಥ ಮನೆಯಲ್ಲಿ ಮಗು ಹೆದರದೆ ಇದ್ದರೇ ಆಶ್ಚರ್ಯ. ಆದರೆ ಅಪ್ಪನಿಗೆ ಅದೊಂದು ತಮಾಷೆ. ಕೈಯ ಎಣ್ಣೆ ಒರೆಸಿಕೊಳ್ಳುತ್ತ ಊಟಕ್ಕೆ ಬಂದವನು ಮೊದಲು ಕೇಳುತ್ತಿದ್ದದ್ದೇ ಅದು: “ಏನೇ ಪುಕ್ಕಲಿ, ಗೋಡೆ ಇವತ್ತು ಏನಂತು? ಊಟ ಆಯ್ತಂತಾ ಅದಕ್ಕೆ?”

ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು ತಮ್ಮ. ಅವನದು ಬೇರೆಯೇ ಜಾತಿಯ ಎದೆ. ಕತ್ತಲೆಯೆಂದರೆ ಅವನಿಗೆ ಆಟದ ಮೈದಾನ. ಹಲ್ಲಿ ಹಿಡಿಯುತ್ತಿದ್ದ, ಓಡುವ ಗಾಲಿಗೆ ಕೈ ಒಡ್ಡಿ ಅಪ್ಪನಿಂದ ಏಟು ತಿನ್ನುತ್ತಿದ್ದ, ಹಮಾಲಿ ಹೆಂಗಸರ ಸೆರಗಿನಡಿ ನುಸುಳಿ ತಣ್ಣನೆಯ ಕೋಣೆಗೆ ಹೊಕ್ಕು ಪೆಟ್ಟಿಗೆಯಿಂದ ಉದುರಿದ ಸೇಬು ಕಚ್ಚಿಕೊಂಡು ಬರುತ್ತಿದ್ದ. “ಇವನು ನನ್ನ ಹೊಟ್ಟೇಲಿ ಹುಟ್ಟಬೇಕಾದೋಳು, ಅವಳು ನಿಮ್ಮ ಹೊಟ್ಟೇಲಿ ಹುಟ್ಟಬೇಕಾದೋನು” ಎಂದು ಅಮ್ಮ ಒಮ್ಮೆ ಸಿಟ್ಟಿನಲ್ಲಿ ತಲೆಕೆಳಗಾಗಿ ಏನೋ ಹೇಳಿದ್ದಳು. ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ನಕ್ಕರು, ಆಮೇಲೆ ಅಮ್ಮನೂ ನಕ್ಕಳು.

ಆ ಪುಸ್ತಕ ಬಂದದ್ದು ಸೇಬು ಸುತ್ತುವ ಹಳೆಯ ಪತ್ರಿಕೆಗಳ ರಾಶಿಯಲ್ಲಿ. ಇಟ್ಟಿಗೆಯಷ್ಟು ದಪ್ಪ. ರಟ್ಟು ಹರಿದುಹೋಗಿತ್ತು, ಮೊದಲ ಕೆಲವು ಹಾಳೆಗಳೂ ಇರಲಿಲ್ಲ. ಹಾಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸುತ್ತುವುದಕ್ಕೆಂದು ಹಾಳೆ ಕೀಳಲು ಹೊರಟಿದ್ದ ಹಮಾಲಿ ಹೆಂಗಸಿನ ಕೈಯಿಂದ ಅವಳು ಅದನ್ನು ಬೇಡಿ ತಂದಳು. ಆಗ ಅವಳಿಗೆ ಹನ್ನೆರಡು ದಾಟಿತ್ತು.

ಅದು ಭಯದ ಕಾದಂಬರಿ. ಒಂದು ಸಣ್ಣ ಊರು, ಅಲ್ಲಿ ಐವರು ಮಕ್ಕಳು. ಆ ಊರಿನ ಮನೆಗಳಲ್ಲಿ ಯಾರೂ ಇಲ್ಲದ ಕೋಣೆಯಿಂದ ಒಂದು ದನಿ ಕರೆಯುತ್ತದೆ. ಅಮ್ಮನ ದನಿಯಲ್ಲೋ ಅಣ್ಣನ ದನಿಯಲ್ಲೋ, ಹೆಸರು ಹಿಡಿದು. ಓಗೊಟ್ಟು ಒಳಗೆ ಹೋದ ಮಗು ಹಿಂದಿರುಗುವುದಿಲ್ಲ. ದೊಡ್ಡವರಿಗೆ ಆ ದನಿ ಕೇಳಿಸುವುದೇ ಇಲ್ಲ. ಮಕ್ಕಳು ಅದಕ್ಕೆ ‘ಕರೆಯುವವನು’ ಎಂದು ಹೆಸರಿಟ್ಟಿದ್ದಾರೆ. ನೂರಾರು ಪುಟಗಳ ಉದ್ದಕ್ಕೂ ಆ ಮಕ್ಕಳು ಬೆಳೆಯುತ್ತಾರೆ, ಜಗಳವಾಡುತ್ತಾರೆ, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ಕರೆದದ್ದಕ್ಕೆ ಓಗೊಡಬಾರದು ಎಂಬುದನ್ನು ಕಲಿಯುತ್ತಾರೆ.

ಅವಳು ಅದನ್ನು ಓದಿದ್ದು ಹೆದರುವ ಚಟಕ್ಕಲ್ಲ. ತನ್ನ ಹಾಗೆ ಹೆದರುವ ಮಕ್ಕಳು ಇನ್ನೂ ಇದ್ದಾರೆ, ಅವರನ್ನು ಪುಕ್ಕಲು ಎಂದು ಯಾರೂ ನಗುತ್ತಿಲ್ಲ ಎಂಬುದು ಅವಳಿಗೆ ಹಿತವಾಗಿತ್ತು. ಹೆದರಿಕೆಗೂ ಒಂದು ಮರ್ಯಾದೆ ಇದೆ ಎಂದು ಅವಳಿಗೆ ಮೊದಲು ಅನ್ನಿಸಿದ್ದು ಆ ಹಾಳೆಗಳಲ್ಲಿ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ತಮ್ಮನಿಗೆ ಹೇಳಿದಳು. ಅಲ್ಲಿಂದ ಅವಳ ಪಾಡು ನಾಯಿಪಾಡಾಯಿತು.

ತಮ್ಮನಿಗೆ ‘ಕರೆಯುವವನು’ ತುಂಬ ಇಷ್ಟವಾಗಿಬಿಟ್ಟ. ಬಚ್ಚಲಿನ ಬಾಗಿಲ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ, ಮಂಚದ ಕೆಳಗೆ ಅಡಗಿ ಕುಳಿತು ದನಿ ತೆಳ್ಳಗೆ ಮಾಡಿ “ಅಕ್ಕಾ... ಅಕ್ಕಾ...” ಎಂದು ಎಳೆಯುತ್ತಿದ್ದ. ಅವಳು ಕಿರುಚಿಕೊಂಡು ಓಡಿದರೆ ಅವನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಒಂದು ದಿನ ಮೂರನೆಯ ಕೋಣೆಯ ಒಳಗಿನಿಂದ ಹಾಗೆ ಕರೆದ. ಅವಳು ಜೀವ ಬಾಯಿಗೆ ಬಂದಂತಾಗಿ ಯಂತ್ರದ ಮನೆಗೆ ನುಗ್ಗಿ, ಅಪ್ಪನ ಅಂಗಿ ಹಿಡಿದು, “ಒಳಗೆ ಯಾರೋ ಕರೀತಿದಾರೆ ಅಪ್ಪಾ” ಎಂದು ಅತ್ತಳು. ಅಪ್ಪ ಕೈಲಿದ್ದ ಕೆಲಸ ಬಿಟ್ಟು ಹೋಗಿ ಬಾಗಿಲು ತೆರೆದರೆ, ತಮ್ಮ ಕೆನ್ನೆ ತುಂಬ ಸೇಬು ತುಂಬಿಕೊಂಡು ನಗುತ್ತ ನಿಂತಿದ್ದ. ಹಮಾಲಿಗಳೆಲ್ಲ ಬಿದ್ದು ಬಿದ್ದು ನಕ್ಕರು.

ಅಪ್ಪ ಆವತ್ತು ನಗಲಿಲ್ಲ. ಅವಳ ಕೈ ಹಿಡಿದು ಯಂತ್ರದ ಮನೆಯೊಳಗೆ ಕರೆದುಕೊಂಡು ಹೋದ. ಒಂದೊಂದನ್ನೂ ಮುಟ್ಟಿ ತೋರಿಸಿದ. “ನೋಡು, ಇದು ಗ್ಯಾಸು ಒತ್ತೋ ಯಂತ್ರ. ಈ ಪೈಪಲ್ಲಿ ಅಮೋನಿಯ ಹೋಗುತ್ತೆ. ಅದು ಹೋಗೋ ಸದ್ದೇ ನಿನಗೆ ಉಸಿರಾಡಿದ ಹಾಗೆ ಕೇಳೋದು. ಇಲ್ಲಿ ಯಾವನಾದರೂ ಕೂತಿದಾನಾ? ಕಾಣ್ತಾನಾ?”

“ಇಲ್ಲ.”

“ದೊಡ್ಡವಳಾದೆ ನೀನು. ಇನ್ನು ಮೇಲೆ ಯಾರೋ ಕರೆದ್ರು, ಏನೋ ಕೇಳಿಸ್ತು ಅಂತ ನನ್ನ ಹತ್ರ ಓಡಿ ಬರಬಾರದು. ಮಾತು ಕೊಡು.”

ಅವಳು ಕೊಟ್ಟಳು. ಅವನ ಅಂಗೈಯ ಎಣ್ಣೆ ಅವಳ ಅಂಗೈಗೂ ಹತ್ತಿತು. ದೊಡ್ಡವಳಾದೆ ಎಂದು ಅಪ್ಪ ಅಂದದ್ದು ಅವಳಿಗೆ ಹೆಮ್ಮೆಯಾಗಿತ್ತು. ನಿಜವಾಗಿಯೂ ಹೆದರಬಾರದು ಎಂದು ಅವಳು ತೀರ್ಮಾನ ಮಾಡಿದಳು. ಗೋಡೆ ಉಸಿರಾಡಿದರೆ ಅಮೋನಿಯ ಎಂದುಕೊಂಡಳು. ಬಚ್ಚಲಿಗೆ ಒಬ್ಬಳೇ ಹೋದಳು. ತಮ್ಮ ಮಂಚದಡಿಯಿಂದ ಕರೆದಾಗ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವನು ಪೆಚ್ಚಾಗಿ ಈಚೆ ಬಂದ.

ಅದಾದ ಮೇಲೆ ಹೆಚ್ಚು ದಿನ ಕಳೆದಿರಲಿಲ್ಲ. ಬಿರುಬೇಸಗೆಯ ಮಧ್ಯಾಹ್ನ. ಹಮಾಲಿಗಳು ಊಟಕ್ಕೆಂದು ಗೇಟಿನಾಚೆಯ ಮರದ ನೆರಳಿಗೆ ಹೋಗಿದ್ದರು. ಅಮ್ಮ ಹಿಂದಿನ ಶೆಡ್ಡಿನಲ್ಲಿ ಕೊಳೆತ ಆಲೂಗಡ್ಡೆ ಬೇರೆ ಮಾಡುತ್ತಿದ್ದಳು. ಅಪ್ಪ ಯಂತ್ರದ ಮನೆಯಲ್ಲಿದ್ದ. ಅವಳು ಲಾರಿಗೆ ಸರಕು ಏರಿಸುವ ಕಟ್ಟೆಯ ಮೇಲೆ, ಮೂರನೆಯ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಓದುತ್ತಿದ್ದಳು. ಆ ಬಾಗಿಲ ಸಂದಿನಿಂದ ಸಣ್ಣಗೆ ತಂಪು ಬರುತ್ತದೆ, ಬೇಸಗೆಯಲ್ಲಿ ಅಲ್ಲಿ ಕೂರುವುದು ಸುಖ. ಬಾಗಿಲು ಮೊಳದಷ್ಟು ದಪ್ಪ. ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವಂಥದ್ದು. ಒಳಗಿನ ಹಿಡಿ ಮಂಜುಗಟ್ಟಿ ತಿರುಗುತ್ತಿರಲಿಲ್ಲ. ಹೋದವರು ಬಾಗಿಲಿಗೆ ಅಡ್ಡ ಮರದ ತುಂಡು ಇಟ್ಟೇ ಒಳಗೆ ಹೋಗುವುದು ಪದ್ಧತಿ. ತಮ್ಮ ಯಾವಾಗ ನುಸುಳಿದನೋ ಅವಳು ನೋಡಿರಲಿಲ್ಲ. ಅವಳು ಬಂದು ಕೂರುವುದಕ್ಕೆ ಮೊದಲೇ ಹೋಗಿರಬೇಕು. ಮರದ ತುಂಡು ಇಟ್ಟಿರಲಿಲ್ಲ.

“ಅಕ್ಕಾ.”

ಅಷ್ಟು ದಪ್ಪ ಬಾಗಿಲ ಹಿಂದಿನಿಂದ ಬಂದ ದನಿ ಎಷ್ಟು ಕೇಳೀತು? ಬಾವಿಯ ತಳದಿಂದ ಬಂದ ಹಾಗಿತ್ತು. ಕತೆಯಲ್ಲಿ ಕೂಡ ಆಗ ಐವರಲ್ಲಿ ಒಬ್ಬಳನ್ನು ಅವಳ ತಮ್ಮನ ದನಿ ಕರೆಯುತ್ತಿತ್ತು. ಆ ಹುಡುಗಿ ಓಗೊಡದೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಇವಳೂ ಹಲ್ಲು ಕಚ್ಚಿಕೊಂಡಳು. ಮೊದಲು ಅನ್ನಿಸಿದ್ದು, ಇದು ಪುಸ್ತಕದ ಭ್ರಮೆ ಎಂದು. ಆಮೇಲೆ, ಇದು ಅವನ ಹಳೆಯ ಆಟ ಎಂದು. ಎರಡಕ್ಕೂ ಮದ್ದು ಒಂದೇ, ಓಡಬಾರದು.

“ಅಕ್ಕಾ!”

ಅವಳು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಅಪ್ಪನಿಗೆ ಕೊಟ್ಟ ಮಾತು ನೆನೆದಳು. ಮೂರನೆಯ ಸಲ ಕರೆ ಬಂದಾಗ ಕಿವಿಗೆ ಬೆರಳಿಟ್ಟುಕೊಂಡಳು. ಹಾಗೆ ಎಷ್ಟು ಹೊತ್ತು ಕುಳಿತಿದ್ದಳೆಂದು ಅವಳಿಗೆ ಎಂದೂ ಹೇಳಲಾಗಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಹೆದರಿಕೆ ಆಗಿರಲಿಲ್ಲ. ತಾನು ಗೆದ್ದೆ ಎಂದು ಅನ್ನಿಸಿತ್ತು. ಬದುಕಿನಲ್ಲಿ ಅವಳು ಧೈರ್ಯವಾಗಿದ್ದದ್ದು ಅದೊಂದೇ ಸಲ.

ಬೆನ್ನ ಹಿಂದಿನ ಸಂದಿನಿಂದ ಬರುತ್ತಿದ್ದ ತಂಪಿನಲ್ಲಿ ವಾಸನೆ ಬಂತು. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಕಣ್ಣಲ್ಲಿ ತಾನಾಗಿ ನೀರು ಬಂತು. ಆ ವಾಸನೆ ಏನೆಂದು ಆ ಮನೆಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಪುಸ್ತಕ ಎಸೆದು ಕಿರುಚಿಕೊಂಡು ಓಡಿದಳು. “ಅಪ್ಪಾ, ಗ್ಯಾಸು! ಮೂರನೇ ಕೋಣೆ! ಚಿಕ್ಕೋನು ಒಳಗಿದಾನೆ!”

ಅಪ್ಪ ಯಂತ್ರ ನಿಲ್ಲಿಸಿ, ಪೈಪಿನ ಕವಾಟ ಮುಚ್ಚಿ ಆಮೇಲೆ ಒಳಹೋಗಬೇಕಿತ್ತು. ಅವನು ಅದಾವುದನ್ನೂ ಮಾಡಲಿಲ್ಲ. ನೀರಿನ ಪೀಪಾಯಿಯಲ್ಲಿ ಗೋಣಿಚೀಲ ಅದ್ದಿ ಮುಖಕ್ಕೆ ಸುತ್ತಿಕೊಂಡು ನೇರ ನುಗ್ಗಿದ. ಬಾಗಿಲು ತೆರೆದಾಗ ಬಿಳಿಯ ಮೋಡವೊಂದು ನೆಲದ ಮೇಲೆ ಉರುಳಿಕೊಂಡು ಬಂತು. ಮರದಡಿಯಿಂದ ಓಡಿ ಬಂದ ಹಮಾಲಿಗಳು ಅವಳನ್ನು ಎಳೆದುಕೊಂಡು ಹೋದರು. ಅಪ್ಪ ತೆವಳಿಕೊಂಡು ಈಚೆ ಬಂದಾಗ ತಮ್ಮ ಅವನ ಎದೆಯಡಿಯಲ್ಲಿದ್ದ. ಚೀಲ ಎಲ್ಲೋ ಕಳಚಿಬಿದ್ದಿತ್ತು. ಹೆಂಗಸರು ಇಬ್ಬರ ಮೇಲೂ ಬಿಂದಿಗೆ ಬಿಂದಿಗೆ ನೀರು ಸುರಿದರು. ತಮ್ಮನ ಬಾಯಿ ತೆರೆದಿತ್ತು. ಆದರೆ ದನಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪ ಮತ್ತು ತಮ್ಮನನ್ನು ಬೇರೆ ಬೇರೆ ಕಡೆ ಇಟ್ಟಿದ್ದರು. ಸುಣ್ಣ ಬಳಿದ ಉದ್ದನೆಯ ಓಣಿಯ ಬೆಂಚಿನ ಮೇಲೆ ಅವಳು ಮತ್ತು ಅಮ್ಮ. ಅಮ್ಮನ ಉಗುರಿನೊಳಗೆ ಇನ್ನೂ ಆಲೂಗಡ್ಡೆಯ ಮಣ್ಣಿತ್ತು. ಅವಳು ಹೇಳಿಬಿಟ್ಟಳು. “ಅಮ್ಮಾ, ಅವನು ಕರೆದ. ನಂಗೆ ಕೇಳಿಸ್ತು. ನಾನು ಹೋಗಲಿಲ್ಲ.”

ಅಮ್ಮ ಉಗುರಿನ ಮಣ್ಣು ಕೆದಕಿದಳು. ಹೊಡೆಯುತ್ತಾಳೆ ಎಂದು ಇವಳು ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು.

“ಎಷ್ಟು ಸಲ ಕರೆದ?”

“ಮೂರು.”

“ಮೂರೂ ಸಲ ‘ಅಕ್ಕಾ’ ಅಂತಾನೇನಾ? ‘ಅಮ್ಮಾ’ ಅನ್ನಲಿಲ್ವಾ?”

“ಇಲ್ಲ.”

ಅಮ್ಮ ತಲೆಯಾಡಿಸಿದಳು. ಸೆರಗಿನಿಂದ ಮಗಳ ಮೂಗು ಒರೆಸಿದಳು. “ಅಪ್ಪಂಗೆ ಇದನ್ನ ಹೇಳಬೇಡ” ಎಂದಳು. ಆಮೇಲೆ ಬದುಕಿರುವವರೆಗೂ ಆ ಮಾತನ್ನು ಎತ್ತಲಿಲ್ಲ.

ತಮ್ಮ ಉಳಿಯಲಿಲ್ಲ. ಅಪ್ಪ ಉಳಿದ. ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿ, ಬೆಳಕು ಮತ್ತು ನೆರಳು ಬಿಟ್ಟು ಬೇರೇನೂ ಕಾಣದಾಯಿತು. ಎದೆಯೊಳಗೆ ಸೀಟಿ ಊದಿದ ಹಾಗೆ ಉಸಿರು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕು. ಮೂರನೆಯ ಕೋಣೆಯ ಪೈಪಿನ ಜೋಡಣೆಯೊಂದು ಸವೆದಿದೆ, ಬದಲಾಯಿಸಬೇಕು ಎಂದು ಅವನು ಮಾಲೀಕರಿಗೆ ಹಲವು ಸಲ ಹೇಳಿದ್ದ. ಈ ಹಂಗಾಮು ಮುಗೀಲಿ ಎಂದು ಅವರು ಮುಂದೂಡಿದ್ದರು. ಈಗ ಅದನ್ನು ಯಾರೂ ನೆನೆಯಲಿಲ್ಲ. ಮಗುವನ್ನು ಒಳಗೆ ಬಿಟ್ಟವರು ಯಾರು ಎಂಬ ಒಂದೇ ಪ್ರಶ್ನೆ ಉಳಿಯಿತು.

ಕಟ್ಟೆಯ ಮೇಲೆ ಬಿದ್ದಿದ್ದ ಪುಸ್ತಕವನ್ನು ಹಮಾಲಿ ಹೆಂಗಸೊಬ್ಬಳು ತಂದು ಕೊಟ್ಟಿದ್ದಳು. ಕೊನೆಯ ಭಾಗ ಓದಬೇಕಿತ್ತು. ಆ ಹುಡುಗಿ ಓಗೊಡದೆ ನಿಂತಳಲ್ಲ, ಆಮೇಲೆ ಏನಾಯಿತು? ಅದು ಗೊತ್ತಾಗದೆ ಬದುಕುವುದು ಅವಳಿಗೆ ಆಗಲಿಲ್ಲ. ಒಂದು ದಿನ ಬಾಗಿಲು ಹಾಕಿಕೊಂಡು ಕುಳಿತು ಓದಿ ಮುಗಿಸಿದಳು. ಮಕ್ಕಳು ಗೆದ್ದರು. ಓಗೊಡದೆ ಉಳಿದದ್ದರಿಂದಲೇ ಗೆದ್ದರು. ದೊಡ್ಡವರಾದರು, ಮದುವೆಯಾದರು, ಒಬ್ಬೊಬ್ಬರಾಗಿ ಎಲ್ಲ ಮರೆತರು. ಆ ಪುಸ್ತಕದ ಅಷ್ಟು ಪುಟಗಳಲ್ಲಿ ಒಂದೇ ಒಂದು ಸಲವೂ ಕರೆದದ್ದು ನಿಜವಾದ ತಮ್ಮನಾಗಿರಲಿಲ್ಲ. ಅವಳು ಅದನ್ನು ಒಯ್ದು ಸೇಬು ಸುತ್ತುವ ಹೆಂಗಸರ ಮುಂದೆ ಹಾಕಿ, “ಹರ್ಕೊಳ್ಳಿ” ಎಂದಳು. ಆ ವರ್ಷದ ಸೇಬುಗಳು ಆ ಹಾಳೆಗಳನ್ನು ಹೊದ್ದುಕೊಂಡು ಎಲ್ಲೆಲ್ಲಿಗೋ ಹೋದವು.

ವಸತಿ ಕೆಲಸಕ್ಕೆ ಅಂಟಿಕೊಂಡದ್ದು. ಮನೆಯಲ್ಲಿ ಒಬ್ಬರಾದರೂ ಅಲ್ಲಿ ದುಡಿದರೆ ಎರಡು ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಖಾಲಿ ಮಾಡಬೇಕು ಎಂದು ಮಾಲೀಕರು ಹೇಳಿ ಕಳಿಸಿದರು. ಅಮ್ಮನದು ದಿನಗೂಲಿ, ಅದು ಲೆಕ್ಕಕ್ಕಿಲ್ಲ. ಹೀಗೆ ಅವಳು ಶಾಲೆ ಬಿಟ್ಟು ಯಂತ್ರದ ಮನೆಗೆ ಹೋದಳು. ಮೊದಲು ಹೊಸ ಆಪರೇಟರನ ಕೈಕೆಳಗೆ ನೆಲ ಒರೆಸುವುದು, ಎಣ್ಣೆ ಬಿಡುವುದು. ಅವನು ಕುಡಿದು ಬರುವುದು ಹೆಚ್ಚಾದ ಹಾಗೆ ಕೆಲಸವೆಲ್ಲ ಇವಳ ಕೈಗೇ ಬಂತು. ಒಂದು ದಿನ ಅವನು ಬರುವುದನ್ನೇ ನಿಲ್ಲಿಸಿದ. ಬೇರೆ ಯಾರನ್ನಾದರೂ ತಂದರೆ ಹೆಚ್ಚು ಕೊಡಬೇಕಾದೀತೆಂದು ಮಾಲೀಕರು ಇವಳನ್ನೇ ಮುಂದುವರಿಸಿದರು.

ಅವಳ ಹೆದರಿಕೆ ಹೋಯಿತೆಂದು ಯಾರಾದರೂ ತಿಳಿದರೆ ತಪ್ಪು. ಪ್ರತಿದಿನ ಬೆಳಿಗ್ಗೆ ಯಂತ್ರದ ಮನೆಯ ಹೊಸ್ತಿಲಲ್ಲಿ ಅವಳು ನಿಂತುಬಿಡುತ್ತಿದ್ದಳು. ಕೆಲವು ದಿನ ಗೋಡೆಗೆ ಒರಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಒಳಗೆ ಹೋಗುತ್ತಿದ್ದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆಯೇ ನಡೆಯಿತು. ಮನುಷ್ಯರು ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ ಎಂದು ಹೇಳುವವರಿದ್ದಾರೆ. ಅವಳು ಒಗ್ಗಿಕೊಳ್ಳಲಿಲ್ಲ.

ಅಪ್ಪ ಮೆಟ್ಟಿಲ ಮೇಲೆ ಕುಳಿತು ಯಂತ್ರದ ಸದ್ದು ಕೇಳುತ್ತಿದ್ದ. “ಎಡಗಡೆ ಬೆಲ್ಟು ಸಡಿಲಾಗಿದೆ ನೋಡೇ” ಎನ್ನುತ್ತಿದ್ದ. ಹೆಚ್ಚಿನ ಸಲ ನಿಜವಿರುತ್ತಿತ್ತು, ಕೆಲವು ಸಲ ಸುಮ್ಮನೆ ಹೇಳಿರುತ್ತಿದ್ದ. ಅವಳನ್ನು ಪುಕ್ಕಲಿ ಎಂದು ಕರೆಯುವುದನ್ನು ಬಿಟ್ಟಿದ್ದ. ಬೇರೆ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. “ಏ” ಅನ್ನುವುದು, ಇಲ್ಲವೇ ಕೆಮ್ಮುವುದು. ಅಪ್ಪ ಬಿಟ್ಟ ಹೆಸರನ್ನು ಊರು ಹಿಡಿದುಕೊಂಡಿತ್ತು. ಒಬ್ಬ ಲಾರಿ ಚಾಲಕ ಮದುವೆಯ ಮಾತು ಎತ್ತಿದ್ದ. ಒಳ್ಳೆಯವನೇ. “ನಾನಿಲ್ಲದಾಗ ಈ ಯಂತ್ರ ಯಾರು ನೋಡ್ತಾರೆ?” ಎಂದು ಅವಳು ಕೇಳಿದಳು. ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ, ಅವನು ಮತ್ತೆ ಕೇಳಲಿಲ್ಲ.

ಹಮಾಲಿ ಹೆಂಗಸರಿಗೆ ಅವಳ ಒಂದು ಗುಣ ಗೊತ್ತಿತ್ತು. ಯಾರಾದರೂ ಕೋಣೆಯೊಳಗಿಂದ “ಅಕ್ಕಾ” ಎಂದರೆ ಸಾಕು, ಕೈಲಿದ್ದದ್ದು ಕೆಳಗೆ ಬಿಟ್ಟು ಓಡಿ ಬರುತ್ತಿದ್ದಳು. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು “ಏನು, ಏನಾಯ್ತು?” ಎನ್ನುತ್ತಿದ್ದಳು. “ಏನಿಲ್ಲ ಅಕ್ಕಾ, ಈ ಚೀಲ ಎಲ್ಲಿಡೋದು ಅಂತ.” ಹೊಸದಾಗಿ ಸೇರಿದವರು ನಗುವಿಗಾಗಿ ಅವಳನ್ನು ಓಡಿಸುತ್ತಿದ್ದರು. ಹಳಬರು ಅವರಿಗೆ ಬೈದು ಬಾಯಿ ಮುಚ್ಚಿಸುತ್ತಿದ್ದರು.

ಅಮ್ಮ ತೀರಿಕೊಂಡ ಮರುವರ್ಷ, ಆಲೂಗಡ್ಡೆಯ ಸುಗ್ಗಿ. ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ್ದವು. ಮಾಲೀಕರ ಮಗ ಈಗ ವ್ಯವಹಾರ ನೋಡಿಕೊಳ್ಳುತ್ತಿದ್ದ. ಎಲ್ಲರೂ ಚಿಕ್ಕ ಯಜಮಾನರು ಎನ್ನುತ್ತಿದ್ದರು. ಮಧ್ಯಾಹ್ನಕ್ಕೆ ಮೊದಲು ಅವಳು ಕೋಣೆಗಳ ಹೊರಗೆ ಸುತ್ತು ಹಾಕುತ್ತಿದ್ದಾಗ ಐದನೆಯ ಕೋಣೆಯ ಬಳಿ ಅವಳಿಗೆ ವಾಸನೆ ಬಂತು. ಬಂತು ಎಂದರೆ ಬಂತು, ಇಲ್ಲವೆಂದರೆ ಇಲ್ಲ, ಅಷ್ಟು ಸಣ್ಣದು. ಗಂಧಕದ ಕಡ್ಡಿ ಹಚ್ಚಿ ಜೋಡಣೆಗಳ ಹತ್ತಿರ ಹಿಡಿದಳು. ಅಮೋನಿಯ ಸೋರುತ್ತಿದ್ದರೆ ಅಲ್ಲಿ ದಟ್ಟ ಬಿಳಿ ಹೊಗೆ ಏಳಬೇಕು. ಏಳಲಿಲ್ಲ. ಒಳಗೆ ಹೆಂಗಸರು ಚೀಲ ಜೋಡಿಸುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ಇದು ನಿನ್ನ ಹಳೆಯ ಹೆದರಿಕೆ, ಕಡ್ಡಿ ಸುಳ್ಳು ಹೇಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದೇ ಅವಳ ಕಾಲು ಓಡತೊಡಗಿತು.

ಯಂತ್ರ ನಿಲ್ಲಿಸಿದಳು. ಕವಾಟ ಮುಚ್ಚಿದಳು. ಐದೂ ಕೋಣೆಗಳ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಎಲ್ಲರನ್ನೂ ಹೊರಗೆ ಹಾಕಿದಳು. ಒಬ್ಬಳು “ಈ ಚೀಲ ಇಟ್ಟು ಬರ್ತೀನಿ ಅಕ್ಕಾ” ಎಂದಾಗ ಅವಳ ಕೈಯಿಂದ ಚೀಲ ಕಿತ್ತು ಎಸೆದು, ತೋಳು ಹಿಡಿದು ಎಳೆದುಕೊಂಡು ಬಂದಳು.

ಚಿಕ್ಕ ಯಜಮಾನ ಕೆಂಡವಾಗಿ ಬಂದ. “ಏನ್ ನಡೀತಿದೆ ಇಲ್ಲಿ? ಯಾರು ಹೇಳಿದ್ರು ನಿಲ್ಸೋಕೆ?”

“ಯಾರೂ ಹೇಳಲಿಲ್ಲ. ನಾನೇ.”

“ಲೀಕ್ ಆಗಿದ್ಯಾ?”

“ಕಡ್ಡೀಲಿ ಕಾಣಲಿಲ್ಲ.”

“ಮತ್ತೆ ಯಾಕೆ ನಿಲ್ಸಿದ್ರಿ?”

ಲಾರಿಯವರು, ಹಮಾಲಿಗಳು, ಕಾವಲಿನವನು ಎಲ್ಲರೂ ಸುತ್ತ ನಿಂತಿದ್ದರು. ಅವಳು ಏನಾದರೂ ಸುಳ್ಳು ಹೇಳಬಹುದಿತ್ತು. ಒತ್ತಡ ಏರಿತ್ತು ಎಂದರೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ.

“ಹೆದರಿಕೆ ಆಯ್ತು” ಎಂದಳು. “ಹೆದರಿಕೆ ಆಯ್ತು, ಅದಕ್ಕೆ ನಿಲ್ಸಿದೆ.”

ಯಾರೋ ಹಿಂದೆ ಕಿಸಕ್ಕೆಂದರು. ಚಿಕ್ಕ ಯಜಮಾನ ಪಟ್ಟಣಕ್ಕೆ ಫೋನು ಮಾಡಿದ. ಪಟ್ಟಣದಿಂದ ಬಂದ ಮೆಕ್ಯಾನಿಕ್ ಜೋಡಣೆಗಳನ್ನು ಬಿಚ್ಚಿ ನೋಡುವಷ್ಟರಲ್ಲಿ ಸಂಜೆಯಾಗಿತ್ತು. ಲಾರಿಗಳಲ್ಲಿದ್ದ ಆಲೂಗಡ್ಡೆ ಬಿಸಿಲಿನಲ್ಲಿ ಬಾಡಿತ್ತು. ಐದನೆಯ ಕೋಣೆಯ ಒಂದು ಜೋಡಣೆಯಲ್ಲಿ ಗ್ಯಾಸು ಸೋರದಂತೆ ತಡೆಯುವ ರಬ್ಬರಿನ ಒಳಪಟ್ಟಿ ಸ್ವಲ್ಪ ಗಟ್ಟಿಯಾಗಿದೆ ಎಂದ ಅವನು. ಅದು ಹೋಗುವಂತಿತ್ತೇ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದ. “ಇನ್ನೊಂದು ವರ್ಷ ಬಂದ್ರೂ ಬರಬಹುದಿತ್ತು. ಇವತ್ತೇ ಹೋಗಿದ್ರೂ ಹೋಗಬಹುದಿತ್ತು. ನಾನು ಹೇಗೆ ಹೇಳಲಿ?” ಅದಕ್ಕಿಂತ ಹೆಚ್ಚಿಗೆ ಯಾರಿಗೂ ಎಂದೂ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆಯೇ ಇದ್ದ. ಗೋಡೆ ಸುಮ್ಮನಿತ್ತು. ಅಷ್ಟು ಹೊತ್ತು ಯಂತ್ರ ನಿಂತದ್ದು ಅವನು ಆ ವರ್ಷಗಳಲ್ಲಿ ಕೇಳಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಕೆಲಸ ಹೋಗುತ್ತದೆ, ಮನೆಯೂ ಹೋಗುತ್ತದೆ ಎಂದಳು. ಅವನು ಸೀಟಿ ಊದುವ ಎದೆಯಿಂದ ಉಸಿರೆಳೆದುಕೊಳ್ಳುತ್ತ ಕೇಳಿದ. ಆಮೇಲೆ ಅವಳತ್ತ ತಿರುಗದೆಯೇ ಹೇಳಿದ:

“ಅವತ್ತು ಅವನು ಕರೆದದ್ದು ನಂಗೂ ಕೇಳಿಸಿತ್ತು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ.

“ಯಂತ್ರದ ಮನೇಲಿ ಕೂತಿದ್ದೆ. ಪೈಪು ಹೋಗೋ ಗೋಡೆ ತೂತಿಂದ ಸಣ್ಣಗೆ ‘ಅಕ್ಕಾ’ ಅಂತ ಕೇಳಿಸ್ತು. ನಿನ್ನನ್ನ ಆಡಿಸ್ತಿದಾನೆ ಅಂದ್ಕೊಂಡೆ. ಇವಳು ಇವತ್ತು ಓಡಿ ಬರ್ತಾಳೋ ಇಲ್ವೋ ನೋಡೋಣ ಅಂತ... ನಗ್ತಾ ಕೂತಿದ್ದೆ ಕಣೇ. ನೀನು ಬರಲಿಲ್ಲ. ಪರವಾಗಿಲ್ಲ, ದೊಡ್ಡವಳಾದಳು ಅಂದ್ಕೊಂಡೆ.”

ಅಮ್ಮ ಆಸ್ಪತ್ರೆಯ ಓಣಿಯಲ್ಲಿ ಹೇಳಿದ ಮಾತಿಗೆ ಬದ್ಧಳಾಗಿ ಅವಳು ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟಿದ್ದಳೋ, ಅವನು ಅದೇ ಕಲ್ಲನ್ನು ಗೋಡೆಯ ಆಚೆ ಹೊತ್ತುಕೊಂಡು ಕುಳಿತಿದ್ದ. ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಅಪ್ಪನ ಮೇಲೆ, ಅಮ್ಮನ ಮೇಲೆ, ತನ್ನ ಮೇಲೆ, ಆ ಹಾಳು ಪುಸ್ತಕದ ಮೇಲೆ. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ದಡಬಡ ಎಂದು ಎತ್ತಿಟ್ಟಳು. ಮತ್ತೆ ಈಚೆ ಬಂದಾಗ ಅವನು ಕುರುಡು ಕಣ್ಣಿನಿಂದ ಅಳುತ್ತಿದ್ದ, ಶಬ್ದವಿಲ್ಲದೆ. ಅವಳು ಪಕ್ಕದಲ್ಲಿ ಕುಳಿತಳು. “ನಂಗೂ ಕೇಳಿಸಿತ್ತು ಅಪ್ಪಾ” ಎಂದಳು.

“ಗೊತ್ತು” ಎಂದ ಅವನು. “ಬಾಗಿಲ ಹತ್ರಾನೇ ಕೂತಿದ್ಯಲ್ಲ.”

ಆ ವಾರವೇ ಅವಳನ್ನು ತೆಗೆದುಹಾಕಿದರು. ಮನೆ ಖಾಲಿ ಮಾಡಿದ ದಿನ ಹಮಾಲಿ ಹೆಂಗಸರು ಒಂದು ಕೆಲಸ ಮಾಡಿದರು. ಐದೂ ಕೋಣೆಗಳ ಎಲ್ಲ ಜೋಡಣೆಗಳ ಒಳಪಟ್ಟಿ ಬದಲಾಯಿಸುವವರೆಗೆ ಒಳಗೆ ಕಾಲಿಡುವುದಿಲ್ಲ ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಸುಗ್ಗಿ ಕೈತಪ್ಪುತ್ತದೆಂದು ಚಿಕ್ಕ ಯಜಮಾನ ಬದಲಾಯಿಸಿಕೊಟ್ಟ. ಅವಳನ್ನು ವಾಪಸು ಕರೆಸಿ ಎಂದೂ ಅವರು ಕೇಳಿದರಂತೆ. ಅದಕ್ಕೆ ಅವನು ಒಪ್ಪಲಿಲ್ಲ. ಅವರಿಗೂ ಹೊಟ್ಟೆಪಾಡು, ಮತ್ತೆ ಒಳಗೆ ಹೋದರು.

ಟೈರು ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಗೋಡೆ ನಡುಗುತ್ತಿರಲಿಲ್ಲ. ಅಪ್ಪನಿಗೆ ಅದಕ್ಕೇ ನಿದ್ದೆ ಬರುತ್ತಿರಲಿಲ್ಲ. “ನಿಂತ್ಹೋಯ್ತು ಕಣೇ, ಹೋಗಿ ನೋಡು” ಎಂದು ಎದ್ದು ಕೂರುತ್ತಿದ್ದ. ಅವಳು ಅವನ ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಕೊನೆಕೊನೆಗೆ ಅವನು ಮಗನ ಬಗ್ಗೆ ತಾನಾಗಿ ಮಾತಾಡುತ್ತಿದ್ದ. ಓಡುವ ಗಾಲಿಗೆ ಕೈ ಒಡ್ಡಿದ್ದು, ಏಟು ತಿಂದೂ ನಕ್ಕದ್ದು. ಇಬ್ಬರೂ ಆಗೊಮ್ಮೆ ಈಗೊಮ್ಮೆ ನಗುತ್ತಿದ್ದದ್ದೂ ಉಂಟು. ಚಳಿಗಾಲ ಬಂದಾಗ ಅವನ ಎದೆ ತಡೆಯಲಿಲ್ಲ. ಅವಳ ತೊಡೆಯ ಮೇಲೆಯೇ ಹೋದ, ಒಂದು ಮಧ್ಯಾಹ್ನ, ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದಾಗ.

ಬೇರೆ ಶೈತ್ಯಾಗಾರಗಳಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಸುಗ್ಗಿಯಲ್ಲಿ ಯಂತ್ರ ನಿಲ್ಲಿಸುವವಳು ಎಂಬ ಸುದ್ದಿ ಎಲ್ಲ ಕಡೆ ಹೋಗಿತ್ತು. ಈಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾಳೆ. ಕೆಲಸ ಸುಮಾರಾಗಿದೆ, ಸೊಂಟ ನೋಯುತ್ತದೆ. ಅಲ್ಲಿ ಬಸ್ಸಿನ ಅಡಿಗೆ ಹೋಗಿ ರಿಪೇರಿ ಮಾಡಲೆಂದು ನೆಲದಲ್ಲಿ ಉದ್ದನೆಯ ಗುಂಡಿ ತೋಡಿದ್ದಾರೆ. ಸೇರಿದ ಹೊಸದರಲ್ಲಿ ಮೇಲ್ವಿಚಾರಕ ಅದರೊಳಗೆ ಇಳಿದು ಮಣ್ಣು ತೆಗೆಯಲು ಹೇಳಿದ. ಅವಳು ಅಂಚಿನಲ್ಲಿ ನಿಂತು ಒಳಗೆ ನೋಡಿದಳು.

“ನಾನು ಇಳಿಯಲ್ಲ. ನಂಗೆ ಹೆದರಿಕೆ.”

“ಹೆದರಿಕೆ ಅಂದ್ರೆ?” ಎಂದ ಅವನು.

“ಹೆದರಿಕೆ ಅಂದ್ರೆ ಹೆದರಿಕೆ.”

ಅವನು ಗೊಣಗಿಕೊಂಡು ಒಬ್ಬ ಮೆಕ್ಯಾನಿಕನನ್ನು ಕೂಗಿದ. ಆ ಮನುಷ್ಯ ಬೀಡಿ ಆರಿಸಿ, ಬಾಂಡ್ಲಿ ಹಿಡಿದು ಇಳಿದ. ಅವಳು ಮೇಲಿನಿಂದ ದೀಪ ಹಿಡಿದುಕೊಂಡು ನಿಂತಳು. ಅವನು ಮಣ್ಣು ತುಂಬಿ ಕೊಟ್ಟ ಬಾಂಡ್ಲಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಗೋಡೆಯ ಪಕ್ಕ ಸುರಿದಳು.